ಅಳೆದೂ ಸುರಿದೂ ತಂದ ಗ್ರಾಫಿಕ್ಸ್ ಕಾರ್ಡು

ಕೃಷ್ಣಪ್ರಸಾದನಿಗೆ ತನ್ನ ಬಗ್ಗೆ ಒಂದು ಹೆಮ್ಮೆ ಇತ್ತು. ನಲವತ್ತಮೂರು ವರ್ಷದ ಬದುಕಿನಲ್ಲಿ ಯಾವ ವಸ್ತುವಿಗೂ ಅದರ ಯೋಗ್ಯತೆಗಿಂತ ಒಂದು ಕಾಸು ಹೆಚ್ಚು ಕೊಟ್ಟವನಲ್ಲ ಅವನು. ಮೈಸೂರಿನಿಂದ ಐರ್ಲೆಂಡಿನ ಕಾರ್ಕ್ ಊರಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅಲ್ಲಿನ ಡಗ್ಲಸ್ ಬಡಾವಣೆಯಲ್ಲಿ ಮನೆ ಕೊಳ್ಳುವ ಮುಂಚೆ ನಲವತ್ತೊಂದು ಮನೆ ನೋಡಿದ್ದ. ನಲವತ್ತೆರಡನೆಯದನ್ನೂ ನೋಡುವವನಿದ್ದ, ಅಷ್ಟರಲ್ಲಿ ಮನೆ ತೋರಿಸುವ ಏಜೆಂಟು ಅವನ ಫೋನು ಎತ್ತುವುದನ್ನೇ ನಿಲ್ಲಿಸಿದ. ಬ್ರೆಡ್ಡು ಸುಡುವ ಟೋಸ್ಟರ್ ಆರಿಸಲು ಹತ್ತೊಂಬತ್ತು ದಿನ ಹಿಡಿದಿತ್ತು. ಅಷ್ಟೂ ದಿನ ಹೆಂಡತಿ ವಿನೋದಿನಿ ದೋಸೆ ಕಾವಲಿಯ ಮೇಲೆ ಬ್ರೆಡ್ಡು ಬಿಸಿ ಮಾಡಿಕೊಂಡು ತಿಂದು ಡ್ಯೂಟಿಗೆ ಹೋಗಿದ್ದಳು. ಅವಳು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು.

ಇಂಥ ಮಹಾನುಭಾವ ಗ್ರಾಫಿಕ್ಸ್ ಕಾರ್ಡು ಕೊಳ್ಳಲು ಆರಿಸಿಕೊಂಡ ಮುಹೂರ್ತ 2021ರ ಜನವರಿ. ಕೋವಿಡ್ ಎಂದು ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಿತ್ತು. ಕೂತವರೆಲ್ಲ ಕಂಪ್ಯೂಟರ್ ಆಟ ಆಡತೊಡಗಿದ್ದರು. ಆಡದವರು ಅವೇ ಕಾರ್ಡುಗಳನ್ನು ಸಾಲಾಗಿ ಜೋಡಿಸಿ, ಕ್ರಿಪ್ಟೊ ಎಂಬ ಕಣ್ಣಿಗೆ ಕಾಣದ ನಾಣ್ಯ ಅಗೆಯುತ್ತಿದ್ದರು. ಚಿಪ್ಪು ತಯಾರಿಸುವ ಕಾರ್ಖಾನೆಗಳು ಏದುಸಿರು ಬಿಡುತ್ತಿದ್ದವು. ಕಂಪ್ಯೂಟರಿನೊಳಗೆ ಕೂತು ಆಟದ ಚಿತ್ರ ಬಿಡಿಸುವ ಒಂದು ಗೇಣುದ್ದದ ಆ ಹೊಸ ಕಾರ್ಡಿಗೆ ಕಂಪನಿ ಸಾರಿದ ಬೆಲೆ ಮುನ್ನೂರ ಮೂವತ್ತು ಯೂರೋ. ಆ ಬೆಲೆಗೆ ಅದನ್ನು ಕಣ್ಣಾರೆ ಕಂಡವರು ಇಡೀ ಐರ್ಲೆಂಡಿನಲ್ಲಿ ಇರಲಿಲ್ಲ. ಅಂಗಡಿಗಳು ಐನೂರ ಐವತ್ತು ಎನ್ನುತ್ತಿದ್ದವು, ಅದೂ ಬಂದ ನಿಮಿಷಕ್ಕೆ ಖಾಲಿಯಾಗುತ್ತಿತ್ತು.

ಅಷ್ಟಕ್ಕೂ ಅವನು ಆಡುತ್ತಿದ್ದುದೇನು ಎಂದು ಕೇಳಿ. ಶನಿವಾರ ಸಂಜೆ ಒಂದು ತಾಸು, ಡನ್‌ಡಾಕ್ ಊರಿನಲ್ಲಿದ್ದ ಗೆಳೆಯ ಶ್ರೀನಿವಾಸನ ಜೊತೆ, ಹದಿನಾಲ್ಕು ವರ್ಷ ಹಳೆಯ ಒಂದು ಕ್ರಿಕೆಟ್ ಆಟ. ಅದರಲ್ಲಿ ಪ್ರೇಕ್ಷಕರು ರಟ್ಟಿನ ಬೊಂಬೆಗಳ ಹಾಗೆ ನಿಂತಿರುತ್ತಾರೆ, ಅಂಪೈರಿಗೆ ಬೆರಳುಗಳೇ ಇಲ್ಲ. ಆ ಆಟಕ್ಕೆ ಅವನ ಹಳೇ ಕಾರ್ಡು ಬೇಕಾದಷ್ಟಾಗಿತ್ತು. ಆದರೆ ಗಂಡಸಿಗೆ ಒಂದು ಆಸೆ ಹುಟ್ಟಿದ ಮೇಲೆ ಅಗತ್ಯ ಎಲ್ಲಿಂದಲಾದರೂ ಓಡಿ ಬರುತ್ತದೆ. ಕೃಷ್ಣಪ್ರಸಾದನಿಗೆ ಅದು ಮಗಳ ರೂಪದಲ್ಲಿ ಬಂತು.

ಮಗಳು ಚಿನ್ಮಯಿಗೆ ಹದಿಮೂರು. ಸೆಪ್ಟೆಂಬರಿನಲ್ಲಿ ಹೊಸದಾಗಿ ಸೆಕೆಂಡರಿ ಶಾಲೆಗೆ ಸೇರಿದ್ದಳು. ಹೊಸ ಶಾಲೆ, ಹೊಸ ಮಕ್ಕಳು, ಎಲ್ಲರ ಮುಖಕ್ಕೂ ಮಾಸ್ಕು. ಯಾರ ಮೂಗು ಹೇಗಿದೆ ಎಂದು ತಿಳಿಯುವಷ್ಟರಲ್ಲಿ ಕ್ರಿಸ್‌ಮಸ್ ಬಂತು, ರಜೆ ಮುಗಿದರೂ ಶಾಲೆ ತೆರೆಯಲಿಲ್ಲ. ಅವಳ ತರಗತಿಯ ಈಫಾ ಮತ್ತು ಇನ್ನಿಬ್ಬರು ಹುಡುಗಿಯರು ದಿನಾ ನಾಲ್ಕು ಗಂಟೆಗೆ ಒಂದು ಆಟದೊಳಗೆ ಸೇರುತ್ತಿದ್ದರು. ಅಲ್ಲಿ ಅವರದೊಂದು ದ್ವೀಪ. ಮರ ಕಡಿಯುವುದು, ಮನೆ ಕಟ್ಟುವುದು, ದೋಣಿ ಮಾಡುವುದು, ಮಧ್ಯೆ ಮಧ್ಯೆ ಮೇಷ್ಟರುಗಳನ್ನು ಆಡಿಕೊಂಡು ನಗುವುದು. ಚಿನ್ಮಯಿಯನ್ನೂ ಕರೆದರು. ಅವಳ ಕಂಪ್ಯೂಟರು ಅಪ್ಪನ ಆಫೀಸಿನವರು ಬಿಸಾಕಿದ್ದು. ಅದರೊಳಗಿನ ಕಾರ್ಡು ಹೆಸರಿಗೆ ಮಾತ್ರ ಕಾರ್ಡು. ಆಟ ತೆರೆದರೆ ನೀಲಿ ಸಮುದ್ರ ಕಾಣಿಸಿ ಅಲ್ಲೇ ನಿಂತುಬಿಡುತ್ತಿತ್ತು. ಅವಳು ಫೋನಿನಲ್ಲಿ ಉಳಿದವರ ಮಾತನ್ನು ಕೇಳಿಸಿಕೊಳ್ಳುತ್ತ, ತನಗೆ ಕಾಣದ ದ್ವೀಪಕ್ಕೆ ನಗುತ್ತ ಕೂರುತ್ತಿದ್ದಳು. ಎರಡು ವಾರವಾದ ಮೇಲೆ ಆ ನಗು ತಡವಾಗಿ ಬರತೊಡಗಿತು.

ಆ ಮನೆಯಲ್ಲಿ ಒಂದು ನಿಯಮವಿತ್ತು. ಹೊಸ ವಸ್ತು ಮೊದಲು ಕೃಷ್ಣಪ್ರಸಾದನಿಗೆ, ಅವನ ಹಳೆಯದು ಕೆಳಗಿನವರಿಗೆ. ಅವನ ಹಳೇ ಫೋನು ವಿನೋದಿನಿಗೆ, ವಿನೋದಿನಿಯದು ಚಿನ್ಮಯಿಗೆ. ಮನೆಗೆ ಹೆಚ್ಚು ಸಂಬಳ ತರುವವಳು ವಿನೋದಿನಿಯೇ ಆದರೂ ಈ ಇಳಿಜಾರು ಬದಲಾಗಿರಲಿಲ್ಲ. ಅಣ್ಣಂದಿರ ಚಡ್ಡಿ, ಅಣ್ಣಂದಿರ ಜಾಮಿಟ್ರಿ ಬಾಕ್ಸು, ಅಣ್ಣಂದಿರ ಬ್ರೇಕಿಲ್ಲದ ಸೈಕಲ್ಲು ಬಳಸಿ ಬೆಳೆದವನು ಅವನು. ಸಾಲಿನ ಕೊನೆಯಲ್ಲಿ ನಿಂತು ನಿಂತು ಕಡೆಗೂ ಮುಂದಕ್ಕೆ ಬಂದವನಿಗೆ ಜಾಗ ಬಿಟ್ಟುಕೊಡುವ ಮನಸ್ಸು ಬರಲಿಲ್ಲ. ಆದ್ದರಿಂದ ಅವನ ತೀರ್ಮಾನ ಸ್ಪಷ್ಟವಾಗಿತ್ತು: ತಾನು ಹೊಸ ಕಾರ್ಡು ಕೊಳ್ಳುವುದು, ಹಳೆಯದು ಮಗಳಿಗೆ. ಈ ಔದಾರ್ಯಕ್ಕೆ ತಾನೇ ಬೆನ್ನು ತಟ್ಟಿಕೊಂಡ.

"ಹಾಗಾದ್ರೆ ನಿನ್ನ ಹಳೇದನ್ನ ಈಗ್ಲೇ ನಂಗೆ ಕೊಡಬಹುದಲ್ಲ?" ಎಂಬರ್ಥದ ಮಾತನ್ನು ಚಿನ್ಮಯಿ ಕಾರ್ಕಿನ ರಾಗದ ಇಂಗ್ಲಿಷಿನಲ್ಲಿ ಕೇಳಿದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಹೊರಡುತ್ತಿರಲಿಲ್ಲ.

"ಅದು ಹೇಗಾಗುತ್ತೆ ಪುಟ್ಟಾ? ಹಳೇದು ಇದ್ರೆ ತಾನೇ ಹೊಸದು ಎಷ್ಟು ಪಟ್ಟು ವಾಸಿ ಅಂತ ಲೆಕ್ಕ ಹಾಕೋದು? ಅದು ನನ್ನ ಬೇಸ್‌ಲೈನು. ಸ್ವಲ್ಪ ತಾಳು. ಬೆಲೆ ಇಳೀಲಿ."

"ಹೌ ಲಾಂಗ್?"

"ಸ್ವಲ್ಪ ತಾಳು."

ಅಂದಿನಿಂದ ಅಧ್ಯಯನ ಶುರುವಾಯಿತು. ಎಕ್ಸೆಲ್ ಹಾಳೆಯೊಂದು ಹುಟ್ಟಿತು. ಒಂದು ಕಡೆ ಹನ್ನೊಂದು ಕಾರ್ಡುಗಳು, ಮತ್ತೊಂದು ಕಡೆ ಇಪ್ಪತ್ತಮೂರು ಗುಣಗಳು. ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೋ ಅದಕ್ಕೆ ಫ್ರೇಮು ಎನ್ನುತ್ತಾರೆ. ಬೆಲೆಯನ್ನು ಫ್ರೇಮುಗಳಿಂದ ಭಾಗಿಸಿದರೆ ಒಂದೊಂದು ಫ್ರೇಮು ಎಷ್ಟಕ್ಕೆ ಬಿತ್ತು ಎಂದು ತಿಳಿಯುತ್ತದೆ. ಕೃಷ್ಣಪ್ರಸಾದ ಇದನ್ನು ದಶಮಾಂಶದ ಮೂರನೇ ಸ್ಥಾನದವರೆಗೆ ತೆಗೆದ. ವಿದ್ಯುತ್ತಿನ ಖರ್ಚು, ಫ್ಯಾನಿನ ಸದ್ದು, ಐದು ವರ್ಷದ ನಂತರ ಮಾರಿದರೆ ಬರುವ ಹಣ, ಎಲ್ಲಕ್ಕೂ ಅಂಕ ಕೊಟ್ಟ. ತಾನು ಎಂದೂ ಆಡದ, ಮುಂದೆಯೂ ಆಡಲಾರದ ಹದಿನಾರು ಆಟಗಳಲ್ಲಿ ಯಾವ ಕಾರ್ಡು ಎಷ್ಟು ಫ್ರೇಮು ಕೊಡುತ್ತದೆ ಎಂದು ಬಾಯಿಪಾಠವಾಯಿತು. ಹಾಳೆ ಸಿದ್ಧವಾಗುವಷ್ಟರಲ್ಲಿ ಬೆಲೆಗಳು ಬದಲಾಗಿರುತ್ತಿದ್ದವು. ಮತ್ತೆ ಮೊದಲಿನಿಂದ ತುಂಬುತ್ತಿದ್ದ.

ಮೈಸೂರಿನಿಂದ ಮಾವನವರು ವೀಡಿಯೊ ಕರೆ ಮಾಡಿದಾಗಲೂ ಇದೇ ಮಾತು. "ಥರ್ಟಿ ಸಿಕ್ಸ್ಟಿ ತಗೊಳ್ಳೋಣ ಅಂತಿದೀನಿ ಮಾವ," ಎಂದ. ಅದು ಕಾರ್ಡಿನ ಹೆಸರು; ಅವರು ಮೂವತ್ತು-ಅರವತ್ತರ ಸೈಟು ಎಂದುಕೊಂಡು ಯಾವ ಬಡಾವಣೆ, ರೋಡು ಎಷ್ಟಡಿ, ಖಾತೆ ಆಗಿದೆಯೇ ಎಂದೆಲ್ಲ ವಿಚಾರಿಸಿದರು. ಅವನಿಗೆ ಬೇಸರವಾಗಲಿಲ್ಲ. ಕಡೆಗೂ ಒಬ್ಬರು ಸರಿಯಾದ ಪ್ರಶ್ನೆಗಳನ್ನು ಕೇಳಿದರಲ್ಲ ಎಂದು ಸಮಾಧಾನವೇ ಆಯಿತು.

ಜನವರಿಯ ಕೊನೆಗೆ ಒಂದು ಕಾರ್ಡು ಐನೂರ ತೊಂಬತ್ತಕ್ಕೆ ಸಿಗುವಂತಿತ್ತು. ಅವನು ಬೆರಳು ಗುಂಡಿಯ ಮೇಲಿಟ್ಟು ಯೋಚಿಸಿದ. ಮೂವತ್ತು ಯೂರೋ ಇಳಿದರೆ ಅನುಪಾತ ಸರಿಹೋಗುತ್ತದೆ. ಯೋಚಿಸುತ್ತಿದ್ದಂತೆ ಅದು ಖಾಲಿಯಾಯಿತು. ಆ ಸಂಜೆ ವಿನೋದಿನಿ ಹನ್ನೆರಡು ಗಂಟೆಯ ಪಾಳಿ ಮುಗಿಸಿ, ಮೂಗಿನ ಮೇಲೆ ಮಾಸ್ಕಿನ ಕೆಂಪು ಗೆರೆ ಹೊತ್ತು ಬಂದಳು. ಅವನು ಅವಳಿಗೆ ಊಟ ಬಡಿಸುತ್ತ ನಡೆದದ್ದನ್ನೆಲ್ಲ ವಿವರಿಸಿದ.

"ರೀ, ಇವತ್ತು ಐಸಿಯುನಲ್ಲಿ ಇದ್ದಿದ್ದು ಒಂದೇ ಹಾಸಿಗೆ, ಬಂದಿದ್ದು ಮೂರು ಜನ," ಎಂದಳು ಅವಳು. "ನಾಲ್ಕು ನಿಮಿಷದಲ್ಲಿ ತೀರ್ಮಾನ ತಗೊಂಡ್ವಿ. ನಿಮ್ಮ ಕಾರ್ಡು ಯಾವಾಗ ಬರುತ್ತೆ?"

"ಅದೇ ಹೇಳ್ತಿದೀನಲ್ಲ ವಿನು, ಮಾರ್ಕೆಟ್ ಇನ್ನೂ ಸೆಟ್ಲ್ ಆಗ್ಬೇಕು."

"ಮಗು ಇವತ್ತು ಫೋನೂ ಎತ್ಲಿಲ್ಲವಂತೆ. ಈಫಾ ಎರಡು ಸಲ ಮಾಡಿದ್ಲಂತೆ. ಮೂರನೇ ಸಲ ಅವಳು ಯಾಕೆ ಮಾಡ್ತಾಳೆ ಹೇಳಿ? ನಾಳೆ ಸ್ಕೂಲ್ ತೆಗೆದ್ರೆ ನಮ್ಮ ಹುಡುಗಿ ಯಾರ ಪಕ್ಕ ಕೂತ್ಕೊಳ್ಬೇಕು?"

"ಸ್ವಲ್ಪ ತಾಳಿದ್ರೆ ಇಬ್ಬರಿಗೂ ಅನುಕೂಲ. ಅವಳು ಚಿಕ್ಕವಳು, ನಿನಗಾದ್ರೂ ಅರ್ಥ ಆಗ್ಬೇಡ್ವಾ?"

ವಿನೋದಿನಿ ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದಿದ್ದರೆ ಒಪ್ಪಿಕೊಂಡಳು ಎಂದು ಕೃಷ್ಣಪ್ರಸಾದ ಮದುವೆಯಾದಂದಿನಿಂದ ನಂಬಿದ್ದ. ಆ ನಂಬಿಕೆಯ ಮೇಲೆ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಫೆಬ್ರವರಿಯ ನಡುವಿಗೆ ಚಿನ್ಮಯಿ ಕಾರ್ಡಿನ ಮಾತು ಎತ್ತುವುದನ್ನೇ ನಿಲ್ಲಿಸಿದಳು. ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ತನ್ನ ಪಾಡಿಗೆ ಇರುತ್ತಿದ್ದಳು. ಕೇಳಿದರೆ, ಚೆನ್ನಾಗಿದ್ದೇನೆ ಎನ್ನಲು ಅಲ್ಲಿಯವರು ಹೇಳುವಂತೆ, "ಐಯಾಮ್ ಗ್ರ್ಯಾಂಡ್, ಡ್ಯಾಡ್," ಎನ್ನುತ್ತಿದ್ದಳು. ಕೃಷ್ಣಪ್ರಸಾದನ ಕಣ್ಣು ತುಂಬಿ ಬಂತು. ಹುಡುಗಿಗೆ ತಾಳ್ಮೆ ಬಂದಿದೆ, ಬೆಲೆ ತಿಳಿದು ಬದುಕುವುದನ್ನು ಅಪ್ಪನಿಂದ ಕಲಿತಿದ್ದಾಳೆ. 'ಐರ್ಲೆಂಡ್ ಕನ್ನಡ ಗೇಮರ್ಸ್' ಎಂಬ ವಾಟ್ಸಾಪ್ ಗುಂಪಿನಲ್ಲಿ ಇದನ್ನೊಂದು ಲೇಖನವಾಗಿ ಬರೆದು ಹಾಕಿದ. ಗುಂಪಿನಲ್ಲಿದ್ದವರು ಹನ್ನೊಂದು ಜನ. ಅವರಲ್ಲಿ ಒಂಬತ್ತು ಮಂದಿ ಆಟ ಆಡುತ್ತಿರಲಿಲ್ಲ, ಕಾರ್ಡು ಕೊಳ್ಳುವ ಬಗ್ಗೆ ಮಾತಾಡುತ್ತಿದ್ದರು. ಏಳು ಜನ ಕೈ ಮುಗಿದರು. 'ಸಂಸ್ಕಾರ' ಎಂದು ಶ್ರೀನಿವಾಸ ಒಂದೇ ಪದ ಬರೆದ.

ಅದೇ ವಾರ ಇನ್ನೊಂದು ಸಂಗತಿ ನಡೆಯಿತು. ಶನಿವಾರದ ಕ್ರಿಕೆಟ್ಟಿನಲ್ಲಿ ಬೌಲರು ಓಡಿ ಬರುತ್ತ ಬರುತ್ತ ಗಕ್ಕನೆ ನಿಂತ, ಮತ್ತೆ ಹೊರಟ. ಚೆಂಡು ಬ್ಯಾಟಿಗೆ ತಾಗಿದ ಮೇಲೆ ತಾಗಿದ ಸದ್ದು ಬಂತು. ಪರದೆಯ ಮೂಲೆಯಲ್ಲಿ ಫ್ರೇಮುಗಳ ಎಣಿಕೆ ನೋಡಿದರೆ, ನೂರಿಪ್ಪತ್ತು ಇರುತ್ತಿದ್ದದ್ದು ಮೂವತ್ತೆಂಟು!

ಬೇರೆ ಯಾರಾದರೂ ಆಗಿದ್ದರೆ ಕಂಪ್ಯೂಟರಿನ ಮುಚ್ಚಳ ತೆಗೆದು ನೋಡುತ್ತಿದ್ದರು. ಕೃಷ್ಣಪ್ರಸಾದ ಬುದ್ಧಿವಂತ. ಅವನು ಗ್ರಾಫು ಹಾಕಿದ. ಆರು ಶನಿವಾರ ಬಿಡದೆ ಅಂಕಿ ಬರೆದುಕೊಂಡು, ಕೆಳಗಿಳಿಯುವ ಗೆರೆ ಎಳೆದು, ಅದರ ಕೆಳಗೆ ಎರಡು ಪುಟದ ವಿಶ್ಲೇಷಣೆ ಬರೆದ. ಚಿಪ್ಪಿನ ಸಿಲಿಕಾನಿಗೂ ವಯಸ್ಸಾಗುತ್ತದೆ. ಆರು ವರ್ಷ ದುಡಿದ ಕಾರ್ಡು ಒಂದು ಹಂತದಲ್ಲಿ ಥಟ್ಟನೆ ಕುಸಿಯುತ್ತದೆ. ಇದನ್ನು ಕಂಪನಿಗಳು ಗ್ರಾಹಕರಿಂದ ಮುಚ್ಚಿಡುತ್ತವೆ. ಗುಂಪಿನಲ್ಲಿ ಇದಕ್ಕೆ ಭಾರೀ ಮರ್ಯಾದೆ ಸಿಕ್ಕಿತು. ತನ್ನ ಕಾರ್ಡಿಗೂ ಹೀಗೇ ಆಗಿದೆ ಎಂದು ನೇಸ್ ಊರಿನಿಂದ ರೋಹನ್ ಎಂಬುವನು ಬರೆದ, ಅವನ ಬಳಿ ಕಾರ್ಡೇ ಇರಲಿಲ್ಲ. ಆ ಗ್ರಾಫನ್ನು ಕೃಷ್ಣಪ್ರಸಾದ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಹೆಂಡತಿಗೂ ಮಗಳಿಗೂ ತೋರಿಸಿದ. ಇಬ್ಬರೂ ಬಹಳ ಹೊತ್ತು ತಟ್ಟೆ ನೋಡುತ್ತ ಕೂತಿದ್ದರು. ವಿಷಯದ ಗಾಂಭೀರ್ಯ ಇವರಿಗೂ ತಟ್ಟಿತು ಎಂದುಕೊಂಡ.

"ಇದು ನಿಂಗೆ ಕೊಡೋಷ್ಟರಲ್ಲಿ ಸತ್ತೇ ಹೋಗುತ್ತೋ ಏನೋ ಪುಟ್ಟಾ," ಎಂದು ಮಗಳ ತಲೆ ಸವರಿದ. ಚಿನ್ಮಯಿಗೆ ನೀರು ನೆತ್ತಿಗೇರಿ ಕೆಮ್ಮು ಬಂತು.

ಇನ್ನು ಮೀನಮೇಷ ಎಣಿಸುವ ಹಾಗಿರಲಿಲ್ಲ. ಏಪ್ರಿಲ್ ಹನ್ನೆರಡಕ್ಕೆ ಶಾಲೆ ತೆರೆಯುತ್ತದೆ ಎಂದು ಸರ್ಕಾರ ಸಾರಿತ್ತು. ಅಷ್ಟರೊಳಗೆ ಮಗಳ ಕೈಗೆ ಕಾರ್ಡು ಬರಬೇಕು, ಅದೂ ಜೀವ ಇರುವಾಗಲೇ. ಏಪ್ರಿಲ್ ಮೊದಲ ವಾರದ ಒಂದು ಬೆಳಿಗ್ಗೆ, ಆಫೀಸಿನ ಮೀಟಿಂಗಿನಲ್ಲಿ ತನ್ನ ಸರದಿ ಬಂದು ಎಲ್ಲರೂ ಅವನ ಹೆಸರು ಕರೆಯುತ್ತಿದ್ದಾಗ, ಇನ್ನೊಂದು ಪರದೆಯ ಮೇಲೆ ಆ ಕಾರ್ಡು ಕಾಣಿಸಿಕೊಂಡಿತು. ಏಳುನೂರ ಎಂಬತ್ತೊಂಬತ್ತು ಯೂರೋ. ಹನ್ನೊಂದು ವಾರದ ಅಧ್ಯಯನ, ಇಪ್ಪತ್ತಮೂರು ಗುಣ, ಮೂರು ದಶಮಾಂಶ ಸ್ಥಾನ, ಎಲ್ಲವನ್ನೂ ಗಾಳಿಗೆ ತೂರಿ ಅವನು ಗುಂಡಿ ಒತ್ತಿದ. ಕಂಪನಿ ಹೇಳಿದ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು. ಮ್ಯೂಟ್ ತೆಗೆದು, "ನೋ ಬ್ಲಾಕರ್ಸ್ ಫ್ರಮ್ ಮೈ ಸೈಡ್," ಎಂದು ತನ್ನ ಕೆಲಸಕ್ಕೆ ಅಡ್ಡಿಯೇನೂ ಇಲ್ಲವೆಂದು ವರದಿ ಒಪ್ಪಿಸಿದ.

ಶುಕ್ರವಾರ ಮಧ್ಯಾಹ್ನ ಪೆಟ್ಟಿಗೆ ಬಂತು. ವ್ಯಾನಿನವನು ಬಾಗಿಲಲ್ಲಿಟ್ಟು ಎರಡು ಮೀಟರು ಹಿಂದೆ ಸರಿದು ಕೈ ಬೀಸಿದ. ಸೋಮವಾರ ಶಾಲೆ. ಕೃಷ್ಣಪ್ರಸಾದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಸ್ಕ್ರೂಡ್ರೈವರ್ ತಂದ. ಮೊದಲು ಹಳೆಯದನ್ನು ಹುಷಾರಾಗಿ ಬಿಚ್ಚಿ, ಒರೆಸಿ, ಮಗಳ ಕೈಗಿಟ್ಟು ಅವಳ ಮುಖ ನೋಡಬೇಕು. ಆಮೇಲೆ ಹೊಸದು. ತಾನು ತ್ಯಾಗಿ ಎಂದು ಅವನಿಗೆ ಗಟ್ಟಿಯಾಗಿ ಅನ್ನಿಸುತ್ತಿತ್ತು. ಕಂಪ್ಯೂಟರಿನ ಪಕ್ಕದ ಮುಚ್ಚಳ ಸರಿಸಿದ.

ಒಳಗೆ ಅವನ ಕಾರ್ಡು ಇರಲಿಲ್ಲ.

ಅದರ ಜಾಗದಲ್ಲಿ ಅಂಗೈಯಷ್ಟು ಚಿಕ್ಕದೊಂದು ಕಾರ್ಡು, ಅದರ ಬೆನ್ನಿಗೆ ಹಳದಿ ಚೀಟಿ. ಚೀಟಿಯಲ್ಲಿ ಅವನ ಆಫೀಸಿನ ಆಸ್ತಿ ನಂಬರು. ಆ ಚೀಟಿಯನ್ನು ಅವನು ಗುರುತಿಸಬಲ್ಲ. ಬಿಸಾಕುವ ಕಂಪ್ಯೂಟರನ್ನು ಮಗಳಿಗೆಂದು ತಂದ ದಿನ ಉಗುರಿನಿಂದ ಕೆರೆದು ಕೀಳಲು ನೋಡಿ ಸೋತಿದ್ದ. ಸ್ಕ್ರೂಡ್ರೈವರ್ ಹಿಡಿದವನು ಹಿಡಿದ ಹಾಗೇ ನಿಂತ. ಗೋಡೆಯ ಆಚೆ ಚಿನ್ಮಯಿ ಬಿದ್ದು ಬಿದ್ದು ನಗುತ್ತಿದ್ದಳು. ಗಂಟೆ ನಾಲ್ಕು ಹೊಡೆದು ಹತ್ತು ನಿಮಿಷವಾಗಿತ್ತು. ಈ ನಗು ತನಗೆ ಎಷ್ಟು ದಿನದಿಂದ ಕೇಳಿಸುತ್ತಿದೆ ಎಂದು ಅವನು ಆಗ ಮೊದಲ ಸಲ ಯೋಚಿಸಿದ. ತಾನು ಯಾವುದೋ ವೀಡಿಯೊ ಇರಬೇಕೆಂದು ಸುಮ್ಮನಿದ್ದುಬಿಟ್ಟಿದ್ದ.

"ನಾನೇ ಬಿಚ್ಚಿದ್ದು," ಎಂದಳು ವಿನೋದಿನಿ. ಅವಳಿಗೆ ಅಂದು ರಜೆ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. "ಫೆಬ್ರವರಿ ಹದಿಮೂರು. ಯಾವ ಅಂಗಡೀಲಿ ತೊಗರಿಬೇಳೆ ಅಗ್ಗ ನೋಡ್ಕೊಂಡ್ ಬರ್ತೀನಿ ಅಂತ ಹೋದ್ರಲ್ಲ, ಅವತ್ತು. ಇವಳು ವೀಡಿಯೊ ತೋರಿಸಿದ್ಲು, ನಾನು ಸ್ಕ್ರೂ ತೆಗೆದೆ. ನಿಮ್ಮದು ಅವಳಿಗೆ, ಅವಳದು ನಿಮಗೆ. ಹನ್ನೆರಡು ನಿಮಿಷ ಹಿಡೀತು."

"ನಂಗೊಂದು ಮಾತು ಹೇಳಬಾರದಿತ್ತಾ?"

"ಅವತ್ತು ಸಂಜೇನೇ ಗೊತ್ತಾಗುತ್ತೆ, ಬೈತೀರಿ, ಬೈಸ್ಕೊಳ್ಳೋಣ ಅಂತಿದ್ವಿ. ನಿಮಗೆ ಗೊತ್ತಾಗ್ಲಿಲ್ಲ. ಒಂದು ವಾರ ಕಾದ್ವಿ, ಎರಡು ವಾರ ಕಾದ್ವಿ. ಆಮೇಲೆ ನೀವು ಗ್ರಾಫ್ ತಂದು ತೋರಿಸಿದ್ರಿ, ಸಿಲಿಕಾನ್‌ಗೆ ವಯಸ್ಸಾಯ್ತು ಅಂತ." ಅವಳು ಕಾಫಿ ಕುಡಿದಳು. "ಆಮೇಲೆ ಹೇಳೋಕೆ ಮನಸ್ಸೇ ಬರ್ಲಿಲ್ಲ ರೀ. ಅಷ್ಟು ಚೆನ್ನಾಗಿತ್ತು ಗ್ರಾಫು. ಕೊಳ್ಳೋ ಮುಂಚೆ ಹೇಗೂ ನಮ್ಮನ್ನ ಕೇಳ್ತೀರಿ, ಆಗ ಹೇಳಿದ್ರಾಯ್ತು ಅಂದ್ಕೊಂಡಿದ್ದೆ. ನೀವು ಇದ್ದಕ್ಕಿದ್ದ ಹಾಗೆ ಕೊಂಡುಬಿಡ್ತೀರಿ ಅಂತ ಯಾರಿಗೆ ಗೊತ್ತಿತ್ತು? ಟೋಸ್ಟರ್‌ಗೆ ಹತ್ತೊಂಬತ್ತು ದಿನ ತಗೊಂಡೋರು ನೀವು."

ಕೃಷ್ಣಪ್ರಸಾದನಿಗೆ ಮೊದಲು ಕೋಪ ಬಂತು. ನನ್ನ ಮನೆಯಲ್ಲಿ, ನನ್ನ ಕಂಪ್ಯೂಟರಿಗೆ, ನನಗೆ ತಿಳಿಯದ ಹಾಗೆ! ಆ ಕೋಪ ನಿಲ್ಲಲು ಒಂದು ಆಧಾರ ಹುಡುಕಿದ, ಸಿಗಲಿಲ್ಲ. ಎರಡು ಕಾರ್ಡಿನ ನಡುವೆ ನಾಲ್ಕು ಫ್ರೇಮಿನ ವ್ಯತ್ಯಾಸವನ್ನು ರಾತ್ರಿಯೆಲ್ಲ ಚರ್ಚಿಸಬಲ್ಲವನಿಗೆ, ತನ್ನ ಕಾರ್ಡೇ ಮಾಯವಾಗಿ ಎಂಟು ವಾರ ಕಳೆದದ್ದು ತಿಳಿದಿರಲಿಲ್ಲ. ಅಂದರೆ ಅವನಿಗೆ ಅದು ಬೇಕಾಗಿಯೇ ಇರಲಿಲ್ಲ. ಅವನು ಹೇಳಿದಂತೆ ತಾಳಿದ್ದರೆ, ಸೋಮವಾರ ಚಿನ್ಮಯಿ ಯಾರ ಪರಿಚಯವೂ ಇಲ್ಲದ ತರಗತಿಗೆ ಒಬ್ಬಳೇ ಹೋಗಬೇಕಾಗಿತ್ತು. ಜನವರಿಯ ಯಾವುದೇ ಒಂದು ದಿನ ಹನ್ನೆರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು, ಒಂದು ಯೂರೋ ಕೂಡ ಖರ್ಚಿಲ್ಲದೆ. ಅವನಿಗೆ ನಾಚಿಕೆಯಾಯಿತು. ಹೆಂಡತಿಯ ಮುಂದೆ ಆಗುವ ನಾಚಿಕೆ ಅಭ್ಯಾಸವಾಗಿತ್ತು. ಮಗಳ ಮುಂದೆ ಆದದ್ದು ಹೊಸದು.

ಹೊಸ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಅವಳ ಬಾಗಿಲು ತಟ್ಟಿದ. ಚಿನ್ಮಯಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ಪರದೆಯ ಮೇಲೆ ದ್ವೀಪ. ಅವನು ಮೊದಲ ಸಲ ನೋಡುತ್ತಿದ್ದ. ಬೆಟ್ಟದ ಮೇಲೆ ನಾಲ್ಕು ಮನೆ, ದಡದಲ್ಲಿ ನಾಲ್ಕು ದೋಣಿ. ನಾಲ್ಕನೆಯ ದೋಣಿ ಮಗಳದು ಎಂದು ಯಾರೂ ಹೇಳಬೇಕಾಗಿರಲಿಲ್ಲ, ಅದಕ್ಕೆ ಅವಳ ಚಿಕ್ಕಂದಿನ ಲಂಗದ ಹಸಿರು ಬಣ್ಣ ಬಳಿದಿತ್ತು. ಅವಳು ಅಪ್ಪನ ಕಂಕುಳಿನ ಪೆಟ್ಟಿಗೆ ನೋಡಿದಳು, ಅವನ ಕೈಯಲ್ಲಿನ ಸ್ಕ್ರೂಡ್ರೈವರ್ ನೋಡಿದಳು. ಮುಖ ಸಣ್ಣದಾಯಿತು.

"ಬೈಯೋಕೆ ಬರ್ಲಿಲ್ಲ ಪುಟ್ಟಾ," ಎಂದ ಅವನು. "ನಂದೇ ತಪ್ಪು. ಆ ಹಳೇ ಕಾರ್ಡ್ ನಿಂದೇ ಇರ್ಲಿ. ಇನ್ನು ಹತ್ತು ನಿಮಿಷದಲ್ಲಿ ಇದನ್ನ ಹಾಕ್ಬಿಡ್ತೀನಿ. ನಾನೂ ಬರ್ಲಾ ನಿಮ್ಮ ಜೊತೆ? ಮರ ಕಡೀತೀನಿ. ನೀವು ಏನು ಹೇಳಿದ್ರೆ ಅದು ಮಾಡ್ತೀನಿ."

ಹೆಡ್‌ಫೋನಿನಲ್ಲಿ ಯಾರೋ ಅವಳನ್ನು ಕೂಗುತ್ತಿದ್ದರು. ಚಿನ್ಮಯಿ ಪರದೆಯತ್ತ ತಿರುಗಿದಳು, ಮತ್ತೆ ಅಪ್ಪನನ್ನು ನೋಡಿದಳು. ಅವಳಿಗೆ ಕನಿಕರವಾದದ್ದು ಅವನಿಗೆ ಕಂಡಿತು. ಅವಳು ಹೆಡ್‌ಫೋನಿನ ಒಂದು ಕಿವಿ ಸರಿಸಿ, ಮೃದುವಾಗಿ ಹೇಳಿದಳು.

"ಸ್ವಲ್ಪ ತಾಳಪ್ಪ."

ಕನ್ನಡದಲ್ಲಿ. ಕಾರ್ಕಿನ ರಾಗ ಎಳ್ಳಷ್ಟೂ ಇರಲಿಲ್ಲ. ಅವನು ಹೇಳುತ್ತಿದ್ದ ಹಾಗೇ, 'ಸ್ವಲ್ಪ'ವನ್ನು ತುಸು ಎಳೆದು. ಮನೆಯಲ್ಲಿ ಅವಳಿಗೆ ಅತಿ ಹೆಚ್ಚು ಸಲ ಕೇಳಿಸಿದ ಕನ್ನಡ ಅದೇ ಇದ್ದಿರಬೇಕು.

"ಆಯ್ತು," ಎಂದ ಕೃಷ್ಣಪ್ರಸಾದ. ಎಷ್ಟು ಹೊತ್ತು ಎಂದು ಕೇಳಲು ಬಾಯಿ ಬರಲಿಲ್ಲ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಒಡೆಯದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಕೋಣೆಯ ಹೊರಗೆ ಮಹಡಿಯ ಮೆಟ್ಟಿಲ ಮೇಲೆ ಕೂತ.